ತುಕ್ಕು ಹಿಡಿಯದ ಉಕ್ಕು

ಕಬ್ಬಿಣಕ್ಕೂ ತುಕ್ಕಿಗೂ ಇರುವ ನಂಟು ಬಹಳ ಹಳೆಯದು. ಮಳೆಗಾಲದಲ್ಲಿ ಅಂಗಳದಲ್ಲಿ ಮರೆತುಬಿಟ್ಟ ಕುಡುಗೋಲು ನಾಲ್ಕೇ ದಿನಗಳಲ್ಲಿ ಕೆಂಪಾಗುತ್ತದೆ. ಭೂಮಿಯೊಳಗಿನ ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡೇ ಇರುತ್ತದೆ. ಮನುಷ್ಯನು ಬೆಂಕಿಯ ಬಲದಿಂದ ಅವೆರಡನ್ನೂ ಅಗಲಿಸುತ್ತಾನೆ. ಆದರೆ ನೀರೂ ಗಾಳಿಯೂ ದೊರೆತೊಡನೆ ಕಬ್ಬಿಣವು ತನ್ನ ಹಳೆಯ ಸ್ಥಿತಿಗೆ ಮರಳಲು ಹವಣಿಸುತ್ತದೆ. ಹೀಗೆ ಮರಳುವುದನ್ನೇ ನಾವು ತುಕ್ಕು ಎನ್ನುತ್ತೇವೆ.

ಇದನ್ನು ತಡೆಯಲು ಜನರು ಎಣ್ಣೆ ಸವರಿದರು, ಬಣ್ಣ ಬಳಿದರು, ಸತುವಿನ ಲೇಪ ಕೊಟ್ಟರು. ಹುಣಸೆಹುಳಿ ತಗುಲಿ ಹಿತ್ತಾಳೆಯ ಪಾತ್ರೆಯಲ್ಲಿ ಕಿಲುಬು ಏಳದಿರಲೆಂದು ನಮ್ಮ ಮನೆಗಳಲ್ಲಿ ಕಲಾಯಿ ಹಾಕಿಸುತ್ತಿದ್ದುದೂ ಇದೇ ಬಗೆಯ ಉಪಾಯ. ಇವೆಲ್ಲವೂ ಹೊರಗಿನ ಹೊದಿಕೆಗಳು. ಹೊದಿಕೆ ಸವೆದರೆ ರಕ್ಷಣೆಯೂ ಮುಗಿಯಿತು. ಮೇಲಾಗಿ, ಯಂತ್ರದ ಒಳಗೆ ಸದಾ ಉಜ್ಜಾಡುವ, ಇಲ್ಲವೆ ಕೆಂಪಗೆ ಕಾಯುವ ಭಾಗಕ್ಕೆ ಬಣ್ಣವನ್ನಾಗಲಿ ಕಲಾಯಿಯನ್ನಾಗಲಿ ಹಚ್ಚುವುದು ಹೇಗೆ? ಅಲ್ಲಿ ಲೋಹದ ಒಡಲಲ್ಲಿಯೇ ತುಕ್ಕನ್ನು ತಡೆಯುವ ಗುಣವಿರಬೇಕು. ಅಂತಹ ಗುಣವುಳ್ಳ ಉಕ್ಕೊಂದನ್ನು ಕುಲುಮೆಯಿಂದ ಹೊರತೆಗೆದು, ಅದಕ್ಕೆ ತಕ್ಕ ಸ್ಥಾನವನ್ನು ಹುಡುಕಿಕೊಟ್ಟವನು ಹ್ಯಾರಿ ಬ್ರಿಯರ್ಲಿ.

ಬ್ರಿಯರ್ಲಿಯು ಹುಟ್ಟಿದುದು 1871ನೆಯ ಇಸವಿ ಫೆಬ್ರವರಿ 18ರಂದು, ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ. ಆ ಕಾಲದಲ್ಲಿ ಷೆಫೀಲ್ಡ್ ಎಂದರೆ ಉಕ್ಕು, ಉಕ್ಕು ಎಂದರೆ ಷೆಫೀಲ್ಡ್. ಅಲ್ಲಿನ ಚಾಕು ಕತ್ತರಿಗಳು ಪ್ರಪಂಚದ ಮೂಲೆ ಮೂಲೆಗೂ ಹೋಗುತ್ತಿದ್ದವು. ಹ್ಯಾರಿಯ ತಂದೆ ಜಾನ್ ಬ್ರಿಯರ್ಲಿ ಥಾಮಸ್ ಫರ್ತ್ ಸಂಸ್ಥೆಯ ಕಾರ್ಖಾನೆಯಲ್ಲಿ ಉಕ್ಕು ಕರಗಿಸುವ ಕೆಲಸಗಾರನಾಗಿದ್ದನು. ಜೇಡಿಮಣ್ಣಿನ ಮೂಸೆಗಳಲ್ಲಿ ಲೋಹವನ್ನು ತುಂಬಿ, ಕೋಕ್ ಕಲ್ಲಿದ್ದಲಿನ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಸರಿಯಾದ ಹದವನ್ನು ಕಣ್ಣಿನಿಂದಲೇ ಗುರುತಿಸಿ, ಇಕ್ಕಳದಿಂದ ಮೂಸೆಯನ್ನು ಹೊರಕ್ಕೆತ್ತಿ ಅಚ್ಚಿಗೆ ಎರೆಯುವುದು ಅವನ ಕಸಬು. ಅದಕ್ಕೆ ಬೇಕಾದ ದೇಹಬಲವೂ ಅನುಭವವೂ ಅಪಾರ. ಸಂಬಳ ಮಾತ್ರ ಅಷ್ಟಕ್ಕಷ್ಟೆ. ಮನೆಯ ತುಂಬ ಮಕ್ಕಳು. ವಾಸದ ಮನೆ ಇಕ್ಕಟ್ಟಾದ ಕೇರಿಯಲ್ಲಿತ್ತು.

ಹನ್ನೆರಡನೆಯ ವಯಸ್ಸಿಗೆ ಹ್ಯಾರಿಯ ಶಾಲೆ ಮುಗಿಯಿತು. ಅವನು ತಂದೆ ದುಡಿಯುತ್ತಿದ್ದ ಕಾರ್ಖಾನೆಯನ್ನೇ ಸೇರಿ, ಕುಲುಮೆಗಳ ಅಡಿಯಲ್ಲಿದ್ದ ನೆಲಮಾಳಿಗೆಯಲ್ಲಿ ಚಿಲ್ಲರೆ ಕೆಲಸ ಮಾಡುವ ಹುಡುಗನಾದನು. ಸ್ವಲ್ಪ ಕಾಲದ ಮೇಲೆ ಅದೇ ಸಂಸ್ಥೆಯ ರಸಾಯನ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವ ಕೆಲಸ ದೊರೆಯಿತು. ಹೊಗೆ ಧೂಳುಗಳಿಂದ ಸ್ವಚ್ಛವಾದ ಕೋಣೆಗೆ ಬಂದುದು ಅವನ ಬಾಳಿನ ಮೊದಲ ತಿರುವು. ಪ್ರಯೋಗಶಾಲೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಟೇಲರ್ ಎಂಬವನು ಈ ಹುಡುಗನ ಚುರುಕುತನವನ್ನು ಕಂಡು ಅವನಿಗೆ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಕಲಿಯುವಂತೆ ಉತ್ತೇಜನ ಕೊಟ್ಟನು. ಹಗಲೆಲ್ಲ ಸೀಸೆ ತೊಳೆದು, ರಾತ್ರಿಯ ಶಾಲೆಗೆ ಹೋಗಿ, ಮನೆಯಲ್ಲಿ ಪುಸ್ತಕ ಹಿಡಿದು ಹ್ಯಾರಿ ಉಕ್ಕಿನ ವಿಶ್ಲೇಷಣೆಯನ್ನು ಕಲಿತನು. ವಿಶ್ವವಿದ್ಯಾನಿಲಯದ ಪದವಿ ಅವನಿಗೆ ಇರಲಿಲ್ಲ. ಆದರೂ ಮೂವತ್ತರ ಆಸುಪಾಸಿನಲ್ಲಿ ಅವನು ಉಕ್ಕಿನ ಕಾರ್ಖಾನೆಗಳ ರಸಾಯನ ವಿಶ್ಲೇಷಣೆಯನ್ನು ಕುರಿತು ಗ್ರಂಥ ಬರೆಯುವವರಲ್ಲಿ ಒಬ್ಬನಾಗಿದ್ದನು.

ಅವನಲ್ಲಿ ಎರಡು ವಿದ್ಯೆಗಳು ಬೆರೆತಿದ್ದುವು. ಒಂದು, ತಕ್ಕಡಿಯಿಂದಲೂ ಆಮ್ಲದಿಂದಲೂ ಕಲಿತ ಪ್ರಯೋಗಶಾಲೆಯ ವಿದ್ಯೆ. ಇನ್ನೊಂದು, ಮೂಸೆಯ ಬಾಯಿಯ ಬಣ್ಣವನ್ನು ನೋಡಿ ಹದವನ್ನು ತಿಳಿಯುವ ತಂದೆಯ ವಿದ್ಯೆ. ಎರಡನೆಯದರ ಮೇಲೆ ಅವನಿಗಿದ್ದ ಗೌರವ ಕೊನೆಯವರೆಗೂ ಕಡಮೆಯಾಗಲಿಲ್ಲ. ಕಾಗದದ ಮೇಲಿನ ಅಂಕಿಗಳನ್ನಷ್ಟೇ ನಂಬಿ ಕೆಲಸಗಾರನ ಕೈಗುಣವನ್ನು ಹಗುರವಾಗಿ ಕಾಣುವವರೊಡನೆ ಅವನಿಗೆ ಎಂದೂ ಹೊಂದಿಕೆಯಾಗುತ್ತಿರಲಿಲ್ಲ. ಮಾತು ಒರಟು, ಸ್ವಭಾವ ಹಟಮಾರಿ. ಈ ಗುಣಗಳಿಂದ ಅವನಿಗೆ ಲಾಭವೂ ಆಯಿತು, ನಷ್ಟವೂ ಆಯಿತು.

1904ರಲ್ಲಿ ಅವನು ಫರ್ತ್ ಸಂಸ್ಥೆಯ ಪರವಾಗಿ ರೀಗಾ ನಗರಕ್ಕೆ ಹೋದನು. ಇಂದು ಲಾಟ್ವಿಯ ದೇಶದ ರಾಜಧಾನಿಯಾಗಿರುವ ಆ ಊರು ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿತ್ತು. 1905ರ ಕ್ರಾಂತಿಯ ಗಲಭೆಗಳ ನಡುವೆಯೂ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ಉಕ್ಕನ್ನು ಕಾಯಿಸಿ ತಣಿಸುವ ವಿಧಾನಗಳಲ್ಲಿ ಹೆಚ್ಚಿನ ಅನುಭವವನ್ನು ಪಡೆದು ಅವನು ಸ್ವದೇಶಕ್ಕೆ ಮರಳಿದನು. 1908ರಲ್ಲಿ ಷೆಫೀಲ್ಡಿನ ಎರಡು ದೊಡ್ಡ ಸಂಸ್ಥೆಗಳಾದ ಜಾನ್ ಬ್ರೌನ್ ಮತ್ತು ಥಾಮಸ್ ಫರ್ತ್ ಒಟ್ಟುಗೂಡಿ ಸ್ಥಾಪಿಸಿದ ಸಂಶೋಧನಾಲಯಕ್ಕೆ ಬ್ರಿಯರ್ಲಿಯೇ ಮುಖ್ಯಸ್ಥನಾದನು. ಒಂದು ಕಾಲದಲ್ಲಿ ಸೀಸೆ ತೊಳೆಯುತ್ತಿದ್ದ ಹುಡುಗನಿಗೆ ಇದು ಸಣ್ಣ ಪದವಿಯಲ್ಲ.

1912ರಲ್ಲಿ ಅವನ ಮುಂದೆ ಒಂದು ಸಮಸ್ಯೆ ಬಂದಿತು. ಬಂದೂಕದ ನಳಿಕೆಯು ಗುಂಡು ಹಾರಿಸಿದಷ್ಟೂ ಒಳಗೆ ಸವೆಯುತ್ತಿತ್ತು. ಮದ್ದು ಸಿಡಿದಾಗ ಹುಟ್ಟುವ ಬಿಸಿ ಅನಿಲಗಳು ಉಕ್ಕನ್ನು ಕೊರೆದು ತಿನ್ನುತ್ತಿದ್ದುವು. ಇದನ್ನು ತಾಳಿಕೊಳ್ಳುವ ಉಕ್ಕು ಯಾವುದು? ಹೆಚ್ಚು ಶಾಖಕ್ಕೆ ಕರಗುವ ಕ್ರೋಮಿಯಂ ಲೋಹವನ್ನು ಹೆಚ್ಚಾಗಿ ಬೆರೆಸಿದರೆ ಪ್ರಯೋಜನವಾದೀತೆಂದು ಬ್ರಿಯರ್ಲಿ ಊಹಿಸಿದನು. ಮೊದಲು ಮೂಸೆಗಳಲ್ಲಿ ಎರೆದ ಉಕ್ಕಿನಲ್ಲಿ ಇಂಗಾಲದ ಅಂಶ ಮಿತಿಮೀರಿ ಬಂದಿತು. ಬಳಿಕ ವಿದ್ಯುತ್ ಕುಲುಮೆಯನ್ನು ಉಪಯೋಗಿಸಿದನು. 1913ನೆಯ ಇಸವಿ ಆಗಸ್ಟ್ 13ರಂದು ಎರೆದ ಉಕ್ಕಿನಲ್ಲಿ ಕ್ರೋಮಿಯಂ ಶೇಕಡ 12.8ರಷ್ಟೂ ಇಂಗಾಲ ಶೇಕಡ 0.24ರಷ್ಟೂ ಇದ್ದುವು.

ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದರ ಮುಖವನ್ನು ಕನ್ನಡಿಯಂತೆ ನಯಗೊಳಿಸಿ, ಅದಕ್ಕೆ ದುರ್ಬಲವಾದ ನೈಟ್ರಿಕ್ ಆಮ್ಲವನ್ನು ಸವರುತ್ತಾರೆ. ಆಮ್ಲವು ಲೋಹವನ್ನು ಅಲ್ಲಲ್ಲಿ ಹೆಚ್ಚುಕಡಮೆಯಾಗಿ ತಿಂದು, ಕಣಗಳ ಗೆರೆಗಳು ಎದ್ದು ಕಾಣುವಂತೆ ಮಾಡುತ್ತದೆ. ಈ ಹೊಸ ಉಕ್ಕನ್ನು ಮಾತ್ರ ಆಮ್ಲವು ಸುಲಭವಾಗಿ ಮುಟ್ಟಲಿಲ್ಲ. ಬೇರೆಯವರಾಗಿದ್ದರೆ ಪರೀಕ್ಷೆಗೆ ಒಗ್ಗದ ಉಕ್ಕೆಂದು ಬೇಸರಪಟ್ಟು ಪಕ್ಕಕ್ಕಿಡುತ್ತಿದ್ದರೇನೋ. ಬ್ರಿಯರ್ಲಿಗೆ ಆ ಅಡಚಣೆಯೇ ವಿಶೇಷವಾಗಿ ಕಂಡಿತು. ಅವನು ಅದನ್ನು ನಿಂಬೆಯ ರಸದಲ್ಲಿಯೂ ವಿನೆಗರಿನಲ್ಲಿಯೂ ಇಟ್ಟು ನೋಡಿದನು. ಉಕ್ಕು ಹೊಳಪುಗೆಡಲಿಲ್ಲ. ಅವನು ಎಸೆದಿದ್ದ ಉಕ್ಕಿನ ಚೂರೊಂದು ಗುಜರಿಯ ರಾಶಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ಒಂದು ದಿನ ಥಳಥಳಿಸುತ್ತ ಅವನ ಕಣ್ಣಿಗೆ ಬಿದ್ದಿತೆಂಬ ಕಥೆ ಜನಜನಿತವಾಗಿದೆ. ಕಥೆ ಸೊಗಸಾಗಿದೆ. ಆದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ತಾಳ್ಮೆಯ ವೃತ್ತಾಂತವೇ ಅದಕ್ಕಿಂತ ನಂಬತಕ್ಕದ್ದು.

ಈ ಉಕ್ಕಿಗೆ ತುಕ್ಕು ಹಿಡಿಯದಿರಲು ಕಾರಣವೇನು? ಉಕ್ಕಿನ ಮೈಯಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗುತ್ತದೆ. ಕಬ್ಬಿಣದ ತುಕ್ಕು ಹುಡಿಹುಡಿಯಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಬಯಲಿಗೆ ಒಡ್ಡುತ್ತದೆ. ಕ್ರೋಮಿಯಂ ಪೊರೆಯಾದರೋ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗೀರು ಬಿದ್ದರೂ ಆಮ್ಲಜನಕ ದೊರೆಯುವವರೆಗೆ ಚಿಂತೆಯಿಲ್ಲ. ಗಾಯ ಮಾಯುವಂತೆ ಪೊರೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಇದಕ್ಕೆ ಉಕ್ಕಿನಲ್ಲಿ ಕ್ರೋಮಿಯಂ ಶೇಕಡ ಹತ್ತೂವರೆಯಷ್ಟಾದರೂ ಇರಬೇಕೆಂಬುದು ಇಂದಿನ ಲೆಕ್ಕ.

ಕ್ರೋಮಿಯಂ ಬೆರೆತ ಕಬ್ಬಿಣವು ಆಮ್ಲಗಳನ್ನು ಎದುರಿಸುವುದೆಂಬ ವಿಷಯವನ್ನು ಫ್ರಾನ್ಸಿನ ಬರ್ತಿಯೆ 1821ರಲ್ಲಿಯೇ ಗಮನಿಸಿದ್ದನು. ಜರ್ಮನಿಯ ಮೊನಾರ್ಟ್ಸ್ 1911ರಲ್ಲಿ ಇದನ್ನು ಕುರಿತು ವಿವರವಾಗಿ ಬರೆದನು. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಸ್ಟ್ರಾಸ್ ಮತ್ತು ಮೌರರ್ ಎಂಬವರು 1912ರ ವೇಳೆಗೆ ಕ್ರೋಮಿಯಂ ಜೊತೆಗೆ ನಿಕಲನ್ನೂ ಬೆರೆಸಿ ಇನ್ನೊಂದು ಬಗೆಯ ಉಕ್ಕನ್ನು ಪಡೆದಿದ್ದರು. ಇಂದು ನಮ್ಮ ಅಡುಗೆಮನೆಗಳಲ್ಲಿರುವ ಸ್ಟೀಲಿನ ತಟ್ಟೆ ಲೋಟಗಳಲ್ಲಿ ಬಹುಪಾಲು ಆ ವಂಶಕ್ಕೆ ಸೇರಿದವು. ಹೀಗಿರುವುದರಿಂದ ತುಕ್ಕು ಹಿಡಿಯದ ಉಕ್ಕನ್ನು ಬ್ರಿಯರ್ಲಿಯೊಬ್ಬನೇ ಕಂಡುಹಿಡಿದನೆಂದು ಹೇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಆದರೆ ಕಾಯಿಸಿ ತಣಿಸಿದಾಗ ಗಡುಸಾಗಿ, ಹರಿತವನ್ನು ಹಿಡಿದುಕೊಂಡು, ಅದೇ ಕಾಲದಲ್ಲಿ ತುಕ್ಕನ್ನೂ ದೂರವಿಡುವ ಉಕ್ಕಿನ ಬೆಲೆಯನ್ನು ಅರಿತು, ಅದು ಎಲ್ಲಿ ಸಲ್ಲುತ್ತದೆಯೆಂದು ಹುಡುಕಿ ಹೊರಟವರಲ್ಲಿ ಅವನು ಮೊದಲಿಗ.

ಬಂದೂಕ ತಯಾರಿಸುವವರು ಅವನ ಉಕ್ಕಿನಲ್ಲಿ ಅಷ್ಟಾಗಿ ಆಸಕ್ತಿ ತೋರಿಸಲಿಲ್ಲ. ಕೇಳಿದವರಿಗೇ ಬೇಡವಾದ ವಸ್ತುವನ್ನು ಮಾಡುವುದೇನು? ಷೆಫೀಲ್ಡಿನಲ್ಲಿ ಹುಟ್ಟಿದವನಿಗೆ ಚಾಕು ನೆನಪಾಗುವುದು ಸಹಜ. ಊಟದ ಮೇಜಿನ ಚಾಕುಗಳು ಹಣ್ಣಿನ ಹುಳಿಗೆ ಕಪ್ಪಾಗುತ್ತಿದ್ದುದರಿಂದ ಪ್ರತಿದಿನವೂ ಅವನ್ನು ಉಜ್ಜಿ ಒರಸಿ ಇಡಬೇಕಾಗಿತ್ತು. ಬ್ರಿಯರ್ಲಿ ತನ್ನ ಉಕ್ಕನ್ನು ಇಬ್ಬರು ಚಾಕು ತಯಾರಕರಿಗೆ ಕಳುಹಿಸಿದನು. ಅವರು ತಮಗೆ ರೂಢಿಯಾಗಿದ್ದ ಶಾಖದಲ್ಲಿಯೇ ಅದನ್ನು ಬಡಿದು ಹದಮಾಡಲು ಹೋಗಿ ಸೋತರು. ಈ ಉಕ್ಕಿಗೆ ಬೇಕಾದ ಶಾಖ ಅದಕ್ಕಿಂತ ಹೆಚ್ಚಿನದು. ಉಕ್ಕು ಕೆಲಸಕ್ಕೆ ಬಾರದೆಂಬ ವರದಿ ಬಂದಿತು. ಕತ್ತರಿಸದ ಚಾಕುವನ್ನು ಕಂಡುಹಿಡಿದವನೆಂದು ಊರಿನವರು ಅವನನ್ನು ಹಾಸ್ಯಮಾಡಿದರು. 1914ರಲ್ಲಿ ಮೋಸ್ಲಿ ಎಂಬ ಚಾಕುಗಳ ಕಾರ್ಖಾನೆಯ ವ್ಯವಸ್ಥಾಪಕನಾದ ಅರ್ನೆಸ್ಟ್ ಸ್ಟುವರ್ಟ್ ಇದನ್ನು ಮತ್ತೆ ಪರೀಕ್ಷಿಸಲು ಒಪ್ಪಿದನು. ಅವನ ಕಾರ್ಖಾನೆಯಲ್ಲಿ ಬ್ರಿಯರ್ಲಿಯ ಸಲಹೆಯಂತೆ ಮೂರನೆಯ ಸಲದ ಪ್ರಯತ್ನದಲ್ಲಿ ಒಳ್ಳೆಯ ಚಾಕುಗಳು ತಯಾರಾದುವು. ತುಕ್ಕು ಹಿಡಿಯದ ಉಕ್ಕೆಂದು ಬ್ರಿಯರ್ಲಿ ಕರೆಯುತ್ತಿದ್ದುದಕ್ಕೆ ಕಲೆಯಿಲ್ಲದ್ದು ಎಂಬ ಅರ್ಥದ ಸ್ಟೇನ್‌ಲೆಸ್ ಎಂಬ ಹೆಸರನ್ನು ಕೊಟ್ಟವನೂ ಸ್ಟುವರ್ಟನೇ.

ಹೆಸರು ಬಂದಿತು, ಅದರ ಬೆನ್ನಲ್ಲೇ ಜಗಳವೂ ಬಂದಿತು. ಬ್ರಿಯರ್ಲಿಯು ಈ ಉಕ್ಕಿಗೆ ಪೇಟೆಂಟು ಪಡೆಯಬೇಕೆಂದು ಸೂಚಿಸಿದಾಗ ಫರ್ತ್ ಸಂಸ್ಥೆಯವರು ಆಸಕ್ತಿ ತೋರಿಸಿರಲಿಲ್ಲ. ಚಾಕುಗಳು ಮಾರಾಟವಾಗತೊಡಗಿದ ಮೇಲೆ ಅದೇ ಉಕ್ಕು ಸಂಸ್ಥೆಯ ಶೋಧನೆಯೆಂದು ಸಾರಲ್ಪಟ್ಟಿತು. ಸಂಬಳ ಪಡೆದು ದುಡಿಯುವವನ ಕೈಯಿಂದ ಹೊರಟದ್ದೆಲ್ಲ ಒಡೆಯನದು ಎಂಬುದು ಸಂಸ್ಥೆಯ ನಿಲುವು. ಕೇಳಿದ ಕೆಲಸವನ್ನು ಮಾಡಿಕೊಟ್ಟಾಗಿದೆ, ಅದರಾಚೆಗೆ ತಾನೇ ಕಂಡು ತಾನೇ ಹೋರಾಡಿ ಉಳಿಸಿದ ವಸ್ತುವಿನಲ್ಲಿ ತನಗೂ ಪಾಲಿದೆ ಎಂಬುದು ಬ್ರಿಯರ್ಲಿಯ ನಿಲುವು. ಮಾತು ಬೆಳೆಯಿತು. ಬಾಲ್ಯದಿಂದ ತನ್ನನ್ನು ಸಾಕಿದ್ದ ಸಂಸ್ಥೆಯನ್ನು ಅವನು ಬಿಟ್ಟು, 1915ರಲ್ಲಿ ಅದೇ ಊರಿನ ಬ್ರೌನ್ ಬೇಲಿ ಕಾರ್ಖಾನೆಗೆ ಹೋದನು. ಜಾನ್ ಮ್ಯಾಡಕ್ಸ್ ಎಂಬವನ ನೆರವಿನಿಂದ 1916ರಲ್ಲಿ ಅವನಿಗೆ ಅಮೆರಿಕದ ಪೇಟೆಂಟು ದೊರೆಯಿತು. ಕೊನೆಗೆ 1917ರಲ್ಲಿ ಫರ್ತ್ ಮತ್ತು ಬ್ರಿಯರ್ಲಿ ಎರಡು ಹೆಸರುಗಳನ್ನೂ ಹೊತ್ತ ಒಂದು ಕೂಟ ಏರ್ಪಟ್ಟು ವ್ಯವಹಾರದಲ್ಲಿ ರಾಜಿಯಾಯಿತು. ಮನಸ್ಸಿನ ಕಹಿ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಈ ಉಕ್ಕನ್ನು ಚಾಕುವಿನಿಂದ ಎಂಜಿನಿಗೆ ಒಯ್ದಿತ್ತು. ವಿಮಾನದ ಎಂಜಿನಿನಲ್ಲಿ ಪೆಟ್ರೋಲು ಉರಿದು ಹೊರಬೀಳುವ ಅನಿಲಗಳನ್ನು ಬಿಡಲು ಒಂದು ಕವಾಟವಿರುತ್ತದೆ. ಅದು ನಿಮಿಷಕ್ಕೆ ನೂರಾರು ಸಲ ತೆರೆದು ಮುಚ್ಚಬೇಕು. ಅದರ ತಲೆಯು ಕೆಂಪಗೆ ಕಾದಿರುತ್ತದೆ. ಸಾಮಾನ್ಯ ಉಕ್ಕು ಆ ಬಿಸಿಯಲ್ಲಿ ಆಮ್ಲಜನಕದೊಡನೆ ಕೂಡಿ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಕವಾಟದ ಅಂಚು ಹಾಳಾದರೆ ಅದು ಬಿಗಿಯಾಗಿ ಮುಚ್ಚುವುದಿಲ್ಲ. ಎಂಜಿನಿನ ಬಲ ಕುಗ್ಗುತ್ತದೆ. ಆಕಾಶದಲ್ಲಿರುವ ವಿಮಾನಚಾಲಕನಿಗೆ ಅದು ಪ್ರಾಣದ ಪ್ರಶ್ನೆ. ಹೆಚ್ಚು ಕ್ರೋಮಿಯಂ ಇದ್ದ ಉಕ್ಕು ಈ ಬಿಸಿಯನ್ನೂ ಅನಿಲಗಳನ್ನೂ ತಾಳಿಕೊಂಡಿತು. ಆದುದರಿಂದ ಯುದ್ಧಕಾಲದಲ್ಲಿ ಚಾಕುಗಳ ತಯಾರಿಕೆಯನ್ನು ನಿಲ್ಲಿಸಿ ಈ ಉಕ್ಕನ್ನು ವಿಮಾನದ ಎಂಜಿನುಗಳಿಗೆ ಮೀಸಲಿಡಲಾಯಿತು. ಬಂದೂಕದೊಳಗಿನ ಬಿಸಿ ಅನಿಲಕ್ಕಾಗಿ ಹುಡುಕಿದ ಲೋಹವು ಎಂಜಿನಿನೊಳಗಿನ ಬಿಸಿ ಅನಿಲಕ್ಕೆ ಒದಗಿತು.

ಎಂಜಿನಿನಲ್ಲಿ ಇಂಧನ ಉರಿದು ಹೊರಹೋಗುವ ದಾರಿಯಂತೆ ಅದು ಒಳಬರುವ ದಾರಿಯಲ್ಲಿಯೂ ಲೋಹಕ್ಕೆ ಶತ್ರುಗಳಿದ್ದಾರೆ. ಪೆಟ್ರೋಲಿಗಾಗಲಿ ಡೀಸೆಲಿಗಾಗಲಿ ಕಬ್ಬಿಣವನ್ನು ತಿನ್ನುವ ಗುಣ ಹೆಚ್ಚಾಗಿಲ್ಲ. ಅದರೊಡನೆ ಬರುವ ನೀರೇ ಮುಖ್ಯ ಅಪರಾಧಿ. ರಾತ್ರಿಯ ತಂಪಿನಲ್ಲಿ ಇಂಧನದ ತೊಟ್ಟಿಯೊಳಗಿನ ಗಾಳಿಯ ತೇವವು ಹನಿಗಟ್ಟಿ, ಇಂಧನಕ್ಕಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ತುಕ್ಕು ಹುಟ್ಟುತ್ತದೆ. ತೊಟ್ಟಿ ತೂತಾಗುವುದಕ್ಕೆ ಎಷ್ಟೋ ಮೊದಲೇ ತುಕ್ಕಿನ ಹುಡಿಯು ಇಂಧನದೊಡನೆ ಹರಿದು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಡೀಸೆಲ್ ಎಂಜಿನಿಗೆ ಇಂಧನವನ್ನು ಚಿಮ್ಮಿಸುವ ಇಂಜೆಕ್ಟರಿನಲ್ಲಿ ಸೂಜಿಗೂ ಅದರ ಮನೆಗೂ ನಡುವೆ ಇರುವ ಎಡೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಮೆ. ಅಷ್ಟು ಇಕ್ಕಟ್ಟಿನಲ್ಲಿ ಬಣ್ಣ ಬಳಿಯುವಂತಿಲ್ಲ. ಎಣ್ಣೆ ಸವರಿದರೆ ಇಂಧನವೇ ಅದನ್ನು ತೊಳೆದುಕೊಂಡು ಹೋಗುತ್ತದೆ. ಲೋಹವನ್ನು ಸರಿಯಾಗಿ ಆರಿಸುವುದೊಂದೇ ಉಳಿಯುವ ದಾರಿ.

ಆ ಆಯ್ಕೆಯೂ ಸುಲಭವಾದುದಲ್ಲ. ತಾಮ್ರಕ್ಕೆ ತುಕ್ಕು ಹಿಡಿಯದೆಂದು ತಾಮ್ರದ ಕೊಳವೆಯನ್ನು ಹಾಕಿದರೆ, ತಾಮ್ರದ ಸಂಪರ್ಕದಿಂದ ಇಂಧನವು ಬೇಗ ಕೆಟ್ಟು ಅಂಟಾಗುತ್ತದೆ. ಸತುವು ನೀರಿಗೆ ಒಳ್ಳೆಯ ಕಾವಲುಗಾರನಾದರೂ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ತಾನೇ ಕರಗತೊಡಗುತ್ತದೆ. ಹಿಂದಿನ ಮೋಟಾರುಗಳ ಇಂಧನ ತೊಟ್ಟಿಗಳಿಗೆ ಸೀಸ ತವರಗಳ ತೆಳುಲೇಪ ಕೊಡುತ್ತಿದ್ದರು. ಅದನ್ನು ಯಂತ್ರಗಳ ಕಲಾಯಿ ಎನ್ನಬಹುದು. ಒಂದರ ಮೇಲೊಂದು ಉಜ್ಜಾಡುವ ಸೂಜಿ ಮತ್ತು ಕವಾಟಗಳಲ್ಲಿ ಗಡಸುತನ, ತುಕ್ಕನ್ನು ತಡೆಯುವ ಗುಣ ಎರಡೂ ಒಟ್ಟಿಗೆ ಬೇಕು. ಪೆಟ್ರೋಲ್ ಇಂಜೆಕ್ಟರುಗಳ ಅಂತಹ ಭಾಗಗಳಿಗೆ ಹೆಚ್ಚು ಕ್ರೋಮಿಯಂ ಇರುವ, ಕಾಯಿಸಿ ಗಡುಸು ಮಾಡಿದ ಉಕ್ಕನ್ನು ಉಪಯೋಗಿಸುತ್ತಾರೆ. ಇದು ಬ್ರಿಯರ್ಲಿಯ ಚಾಕುವಿನ ಉಕ್ಕಿನ ಹತ್ತಿರದ ಸಂಬಂಧಿ. ಬಗ್ಗಿಸಿ ಬೆಸೆಯಬೇಕಾದ ಕೊಳವೆಗಳಿಗೆ ನಿಕಲ್ ಬೆರೆತ ಜರ್ಮನ್ ವಂಶದ ಉಕ್ಕು ಒಪ್ಪುತ್ತದೆ. 2023ರ ಫೆಬ್ರವರಿಯಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ಈ ಹಳೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಹೊಸ ಮಹತ್ವ ಬಂದಿತು. ಕಬ್ಬಿನಿಂದಲೂ ತಯಾರಾಗುವ ಎಥನಾಲ್ ನೀರನ್ನು ತನ್ನತ್ತ ಸೆಳೆದುಕೊಳ್ಳುವ ದ್ರವ. ಅದು ಹೆಚ್ಚಿದಷ್ಟೂ ಇಂಧನ ಹರಿಯುವ ಲೋಹಗಳನ್ನೂ ರಬ್ಬರುಗಳನ್ನೂ ಎಚ್ಚರದಿಂದ ಆರಿಸಬೇಕಾಗುತ್ತದೆ.

ಈ ವಿಸ್ತಾರವನ್ನೆಲ್ಲ ನೋಡಲು ಬ್ರಿಯರ್ಲಿ ಇರಲಿಲ್ಲ. ಆದರೂ ತನ್ನ ಉಕ್ಕು ಆಸ್ಪತ್ರೆಗಳನ್ನೂ ಕಾರ್ಖಾನೆಗಳನ್ನೂ ಹೊಕ್ಕುದನ್ನು ಅವನು ಬದುಕಿದ್ದಾಗಲೇ ಕಂಡನು. ಅವನ ಸ್ಥಾನಕ್ಕೆ ಬಂದ ಹ್ಯಾಟ್‌ಫೀಲ್ಡ್ ಎಂಬವನು 1924ರಲ್ಲಿ ಶೇಕಡ 18 ಕ್ರೋಮಿಯಂ, ಶೇಕಡ 8 ನಿಕಲ್ ಬೆರೆತ ಉಕ್ಕನ್ನು ತಯಾರಿಸಿ ಕೆಲಸವನ್ನು ಮುಂದುವರಿಸಿದನು. 1920ರಲ್ಲಿ ಬ್ರಿಯರ್ಲಿಗೆ ಬೆಸೆಮರ್ ಸುವರ್ಣಪದಕ ದೊರೆಯಿತು. ಉಕ್ಕಿನ ಲೋಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಅಪರೂಪ. 1939ರಲ್ಲಿ ಷೆಫೀಲ್ಡ್ ನಗರವು ಅವನಿಗೆ ಗೌರವ ನಾಗರಿಕತ್ವವನ್ನು ಕೊಟ್ಟಿತು. ಇಕ್ಕಟ್ಟಾದ ಕೇರಿಯಲ್ಲಿ ಹುಟ್ಟಿದ ಮಗನಿಗೆ ಪದಕಕ್ಕಿಂತಲೂ ಇದೇ ಹೆಚ್ಚು ಸಂತೋಷ ಕೊಟ್ಟಿದ್ದರೆ ಆಶ್ಚರ್ಯವಿಲ್ಲ.

1941ರಲ್ಲಿ ಅವನು ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಅದಕ್ಕೆ ಇಟ್ಟ ಹೆಸರು ಗಂಟುಬಿದ್ದ ದಾರವೆಂಬ ಅರ್ಥದ್ದು. ಅದೇ ವರ್ಷ ತನ್ನ ಹಣದಿಂದ ಫ್ರೆಷ್‌ಗೇಟ್ ಎಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿದನು. ಅವಕಾಶವಿಲ್ಲದವರಿಗೆ ವಿದ್ಯೆ, ಸಂಗೀತ, ಪ್ರವಾಸ ಮುಂತಾದವುಗಳ ಬಾಗಿಲನ್ನು ತೆರೆಯುವುದು ಅದರ ಉದ್ದೇಶವಾಗಿತ್ತು.

ಹ್ಯಾರಿ ಬ್ರಿಯರ್ಲಿಯು 1948ನೆಯ ಇಸವಿ ಜುಲೈ 14ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿ ಎಂಬ ಊರಿನಲ್ಲಿ ತೀರಿಕೊಂಡನು. ಆಗ ಅವನಿಗೆ 77 ವರ್ಷ. ಷೆಫೀಲ್ಡಿನ ಒಂದು ಕಟ್ಟಡದ ಗೋಡೆಯ ಮೇಲೆ 2013ರಲ್ಲಿ ಅವನ ದೊಡ್ಡ ಚಿತ್ರವೊಂದನ್ನು ಬರೆಯಲಾಯಿತು. ಆ ಉಕ್ಕನ್ನು ಎರೆದು ಆಗ ಸರಿಯಾಗಿ ನೂರು ವರ್ಷಗಳಾಗಿದ್ದುವು.